ಐದು ಜನ, ಒಂದೂವರೆ ದಿನ, ₹6,000: ದೊಡ್ಡನೆಕ್ಕುಂದಿಯಿಂದ ಮೈಸೂರಿಗೆ ಹೋಗಿ ಬರೋ ಪೂರ್ತಿ ಲೆಕ್ಕ

ದೊಡ್ಡನೆಕ್ಕುಂದಿ: ಮಕ್ಕಳು ‘ಎಲ್ಲಾದ್ರೂ ಕರ್ಕೊಂಡು ಹೋಗಿ’ ಅಂತ ಕೇಳೋದು, ಅಪ್ಪ ‘ಅಂಗಡಿ ಯಾರು ನೋಡ್ಕೊಳ್ತಾರೆ’ ಅನ್ನೋದು ಇಲ್ಲಿನ ಬಹಳಷ್ಟು ಮನೆಗಳಲ್ಲಿ ವರ್ಷವಿಡೀ ನಡೆಯೋ ಮಾತು. ಕೊನೆಗೆ ಒಂದು ದಿನ ದಿಢೀರ್ ಅಂತ ಹೊರಟು, ಸಿಕ್ಕ ಗಾಡಿ ಹತ್ತಿ, ಸಿಕ್ಕ ರೂಮು ಹಿಡಿದು, ಹತ್ತು ಸಾವಿರ ಕಳ್ಕೊಂಡು ವಾಪಸ್ ಬರ್ತಾರೆ. ಆಮೇಲೆ ಎರಡು ವರ್ಷ ಟೂರ್ ಅನ್ನೋ ಮಾತೇ ಇರಲ್ಲ.

ಮೈಸೂರು ಅಷ್ಟು ದುಬಾರಿ ಊರಲ್ಲ. ಯಾವ ದಿನ ಹೋಗಬೇಕು, ಯಾವ ಬಸ್ ಹತ್ತಬೇಕು ಅನ್ನೋ ಎರಡು ವಿಷಯ ಮೊದಲೇ ತೀರ್ಮಾನ ಮಾಡಿದರೆ ಖರ್ಚಿನ ದೊಡ್ಡ ಪಾಲು ಅಲ್ಲೇ ಉಳಿಯತ್ತೆ. ಅಪ್ಪ, ಅಮ್ಮ, ಅಜ್ಜಿ, 11 ವರ್ಷದ ಮಗ, 8 ವರ್ಷದ ಮಗಳು ಇರುವ ಒಂದು ಮನೆಯನ್ನು ಉದಾಹರಣೆಗೆ ಇಟ್ಟುಕೊಂಡು ಇಲ್ಲಿ ಲೆಕ್ಕ ಕೊಡಲಾಗಿದೆ.

ಮೊದಲ ಲೆಕ್ಕ: ಶಟರ್ ಎಳೆದ ದಿನದ್ದು

ಸಂಬಳದವರಿಗೆ ರಜೆ ಅಂದ್ರೆ ರಜೆ. ಅಂಗಡಿಯವರಿಗೆ ರಜೆ ಅಂದ್ರೆ ಗಲ್ಲಾ ಖಾಲಿ, ಬಾಡಿಗೆ ಮಾತ್ರ ಓಡ್ತಾ ಇರತ್ತೆ. ಆದ್ದರಿಂದ ಟೂರ್ ಖರ್ಚಿನಲ್ಲಿ ಮೊದಲು ಬರೆಯಬೇಕಾದ್ದು ಬಸ್ ಚಾರ್ಜ್ ಅಲ್ಲ, ಮುಚ್ಚಿದ ದಿನ ಕೈತಪ್ಪುವ ಲಾಭ. ಇಲ್ಲಿ ವ್ಯಾಪಾರದ ಮೊತ್ತ ಹಿಡಿಯಬಾರದು. ದಿನಕ್ಕೆ ₹8,000 ವ್ಯಾಪಾರ ಆದರೂ ಕೈಗೆ ಉಳಿಯೋದು ₹800 ಇದ್ದರೆ, ನಷ್ಟ ಆ ₹800 ಮಾತ್ರ. ಇದನ್ನು ಒಂದು ಸಲ ಬರೆದು ನೋಡಿದರೆ ‘ಅಂಗಡಿ ಮುಚ್ಚೋಕೆ ಆಗಲ್ಲ’ ಅನ್ನೋ ಭಯ ಅರ್ಧ ಕಮ್ಮಿ ಆಗತ್ತೆ.

ಯಾವ ದಿನ ಮುಚ್ಚಬೇಕು ಅನ್ನೋದು ವ್ಯಾಪಾರದ ಮೇಲೆ ನಿಂತಿದೆ.

• ದಿನಸಿ, ತರಕಾರಿ, ಕೋಳಿ–ಮಾಂಸದ ಅಂಗಡಿ: ಭಾನುವಾರ ಬೆಳಗ್ಗೆಯ ವ್ಯಾಪಾರ ಬಿಡೋ ಹಾಗಿಲ್ಲ. ಮಧ್ಯಾಹ್ನ 12ಕ್ಕೆ ಶಟರ್ ಎಳೆದು ಹೊರಟರೆ ಸಾಕು.
• ಕೈಗಾರಿಕಾ ಪ್ರದೇಶದ ಹತ್ತಿರದ ಟೀ, ತಿಂಡಿ ಹೋಟೆಲ್: ಫ್ಯಾಕ್ಟರಿಗೆ ರಜೆ ಇರುವ ದಿನ ಗಿರಾಕಿ ಕಮ್ಮಿ. ಆ ದಿನವೇ ಬೆಳಗ್ಗೆ ಹೊರಡಬಹುದು.
• ಹಾರ್ಡ್‌ವೇರ್, ಗಾಡಿ ಬಿಡಿಭಾಗ: ಭಾನುವಾರ ಹೇಗೂ ಬಾಗಿಲು ಹಾಕುವವರು ಶನಿವಾರ ರಾತ್ರಿ ಬಸ್ ಹಿಡಿದು ಭಾನುವಾರ ರಾತ್ರಿ ವಾಪಸ್ ಬರಬಹುದು.

ಶಟರ್ ಮೇಲೆ ‘ಮಂಗಳವಾರ ಬೆಳಗ್ಗೆ ತೆರೆಯುತ್ತದೆ’ ಅಂತ ಒಂದು ಚೀಟಿ ಅಂಟಿಸಿ ಹೋಗಬೇಕು. ಯಾವತ್ತು ಬರ್ತಾರೆ ಅಂತ ಗೊತ್ತಿದ್ದರೆ ಗಿರಾಕಿ ಕಾಯ್ತಾನೆ, ಗೊತ್ತಿಲ್ಲದಿದ್ದರೆ ಪಕ್ಕದ ರಸ್ತೆಗೆ ಹೋಗ್ತಾನೆ. ಹಾಲು, ಬ್ರೆಡ್, ಮೊಟ್ಟೆ ಸಪ್ಲೈಯವರಿಗೆ ಎರಡು ದಿನ ಮೊದಲೇ ಹೇಳಿದರೆ ಮಾಲು ಹಾಳಾಗಲ್ಲ.

ಮಂಗಳವಾರ ಬೇಡ, ಭಾನುವಾರ ಸಂಜೆ ತಪ್ಪಿಸಬೇಡಿ

ಮೈಸೂರಿನ ವಿಷಯದಲ್ಲಿ ಎರಡು ವಾರಗಳನ್ನು ನೆನಪಿಡಬೇಕು.

ಒಂದು, ಶ್ರೀ ಚಾಮರಾಜೇಂದ್ರ ಮೃಗಾಲಯಕ್ಕೆ ಮಂಗಳವಾರ ರಜೆ. ಪಕ್ಕದ ಕಾರಂಜಿ ಕೆರೆಗೂ ಅವತ್ತೇ ರಜೆ. ಮಂಗಳವಾರ ಜನ ಕಮ್ಮಿ ಇರ್ತಾರೆ ಅಂತ ಹೋದ ಕುಟುಂಬಗಳು ಝೂ ಗೇಟ್ ನೋಡಿ ವಾಪಸ್ ಬರೋದು ಸಾಮಾನ್ಯ.

ಎರಡು, ಅರಮನೆಯ ದೀಪಾಲಂಕಾರ ಭಾನುವಾರ ಮತ್ತು ಸರ್ಕಾರಿ ರಜಾ ದಿನಗಳ ಸಂಜೆ 7ರ ಸುಮಾರಿಗೆ ಬೆಳಗತ್ತೆ, ಮುಕ್ಕಾಲು ಗಂಟೆಯಷ್ಟು ಇರತ್ತೆ. ಸುಮಾರು 97,000 ಬಲ್ಬುಗಳ ಈ ಬೆಳಕು ನೋಡೋಕೆ ಟಿಕೆಟ್ ಇಲ್ಲ. ಬೇರೆ ದಿನಗಳ ಸಂಜೆ ಇರುವ ಧ್ವನಿ–ಬೆಳಕು ಪ್ರದರ್ಶನಕ್ಕೆ ಟಿಕೆಟ್ ಇದೆ, ಪೂರ್ತಿ ದೀಪ ಕಾಣೋದು ಕೊನೆಗೆ ಸ್ವಲ್ಪ ಹೊತ್ತು ಮಾತ್ರ.

ಹೀಗಾಗಿ ಭಾನುವಾರ ಮಧ್ಯಾಹ್ನ ಹೊರಟು ಸೋಮವಾರ ರಾತ್ರಿ ವಾಪಸ್ ಬರೋದು ಅಂಗಡಿಯವರಿಗೆ ಎಲ್ಲ ರೀತಿಯಲ್ಲೂ ಹೊಂದತ್ತೆ. ಭಾನುವಾರ ಬೆಳಗಿನ ವ್ಯಾಪಾರ ಉಳಿಯತ್ತೆ, ದೀಪ ಪುಕ್ಕಟೆ ಸಿಗತ್ತೆ, ಸೋಮವಾರ ಝೂ ತೆರೆದಿರತ್ತೆ. ಶನಿವಾರ ರಾತ್ರಿ ತುಂಬಿರುವ ಲಾಡ್ಜ್‌ಗಳು ಭಾನುವಾರ ರಾತ್ರಿ ಖಾಲಿ ಆಗಿರೋದ್ರಿಂದ ರೂಮಿನ ರೇಟಲ್ಲಿ ಚೌಕಾಸಿಗೂ ಜಾಗ ಇರತ್ತೆ. ಮಕ್ಕಳಿಗೆ ಸೋಮವಾರ ಒಂದು ದಿನ ಸ್ಕೂಲು ತಪ್ಪತ್ತೆ. ಅದೂ ಬೇಡ ಅಂದರೆ ಸೋಮವಾರ ರಜೆ ಬರುವ ವಾರ ನೋಡಿಕೊಳ್ಳಬೇಕು, ಆದರೆ ಅಂಥ ವಾರ ಜನವೂ ಜಾಸ್ತಿ, ರೂಮಿನ ರೇಟೂ ಜಾಸ್ತಿ.

ದಸರಾ ಹತ್ತು ದಿನ, ಆಷಾಢ ಶುಕ್ರವಾರ ಮತ್ತು ಬೇಸಿಗೆ ರಜೆಯ ಶನಿವಾರ–ಭಾನುವಾರಗಳನ್ನು ಕಮ್ಮಿ ಬಜೆಟ್‌ನವರು ಬಿಡೋದು ಒಳ್ಳೇದು.

ಬಸ್ಸಾ, ರೈಲಾ? ಮನೇಲಿ ಎಷ್ಟು ಹೆಂಗಸರು ಅಂತ ಎಣಿಸಿ

2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್‌ಗಳಲ್ಲಿ ಹೆಂಗಸರು, ಹೆಣ್ಣುಮಕ್ಕಳು ಮತ್ತು ಲೈಂಗಿಕ ಅಲ್ಪಸಂಖ್ಯಾತರಿಗೆ ಪ್ರಯಾಣ ಉಚಿತ. ಕೆಎಸ್‌ಆರ್‌ಟಿಸಿಯಲ್ಲಿ 6ರಿಂದ 12 ವರ್ಷದ ಗಂಡು ಮಕ್ಕಳಿಗೆ ಅರ್ಧ ಟಿಕೆಟ್.

ಉದಾಹರಣೆಯ ಮನೆಗೆ ಇದನ್ನು ಹಾಕಿ ನೋಡಿದರೆ, ಅಮ್ಮ, ಅಜ್ಜಿ, ಮಗಳಿಗೆ ಶೂನ್ಯ ಟಿಕೆಟ್. ಅಪ್ಪನಿಗೆ ಒಂದು, ಮಗನಿಗೆ ಅರ್ಧ. ಐದು ಜನ ಮೈಸೂರು ಮುಟ್ಟೋದು ಒಂದೂವರೆ ಟಿಕೆಟಲ್ಲಿ.

ರೈಲಲ್ಲಿ ಈ ರಿಯಾಯಿತಿ ಇಲ್ಲ. 5 ವರ್ಷದೊಳಗಿನ ಮಕ್ಕಳಿಗೆ ಉಚಿತ, 12ರೊಳಗಿನವರಿಗೆ ಕಾಯ್ದಿರಿಸದ ಬೋಗಿಯಲ್ಲಿ ಅರ್ಧ. ಹಿರಿಯ ನಾಗರಿಕರಿಗಿದ್ದ ರಿಯಾಯಿತಿ 2020ರ ಮಾರ್ಚ್‌ನಲ್ಲೇ ನಿಂತುಹೋಗಿದೆ. ಇದೇ ಮನೆಗೆ ರೈಲಲ್ಲಿ ನಾಲ್ಕು ಟಿಕೆಟ್ ಬೇಕು. ಆದರೆ ಕಾಯ್ದಿರಿಸದ ಒಂದು ಟಿಕೆಟ್‌ನ ದರ ಬಸ್ ದರಕ್ಕಿಂತ ಬಹಳ ಕಮ್ಮಿ.

ಲೆಕ್ಕ ಸುಲಭ: ಮನೇಲಿ ಹೆಂಗಸರು, ಹೆಣ್ಣುಮಕ್ಕಳು ಜಾಸ್ತಿ ಇದ್ದರೆ ಬಸ್. ಗಂಡಸರು, ಗಂಡು ಮಕ್ಕಳು ಜಾಸ್ತಿ ಇದ್ದರೆ ರೈಲು.

ಶಕ್ತಿ ಟಿಕೆಟ್‌ಗೆ ಮೂರು ವಿಷಯ ಗಮನ ಇರಲಿ.

1. ಗುರುತಿನ ಚೀಟಿಯಲ್ಲಿ ಕರ್ನಾಟಕದ ವಿಳಾಸ ಇರಲೇಬೇಕು. ನಮ್ಮ ಕಡೆ ಆಂಧ್ರ, ತಮಿಳುನಾಡು, ಒಡಿಶಾ, ಬಿಹಾರದಿಂದ ಬಂದು ನೆಲೆಸಿದವರು ಬಹಳ. ಆಧಾರ್‌ನಲ್ಲಿ ಊರಿನ ಹಳೇ ವಿಳಾಸವೇ ಇದ್ದರೆ ಪೂರ್ತಿ ಟಿಕೆಟ್ ಕೊಳ್ಳಬೇಕು. ವಿಳಾಸ ಬದಲಾಯಿಸೋದು ಇದ್ದರೆ ಟೂರ್‌ಗೆ ತಿಂಗಳು ಮೊದಲೇ ಮುಗಿಸಿಕೊಳ್ಳಬೇಕು.
2. ಜೆರಾಕ್ಸ್ ನಂಬಿ ಹೋಗಬೇಡಿ. ಮೂಲ ಚೀಟಿ ಅಥವಾ ಮೊಬೈಲಿನ ಡಿಜಿಲಾಕರ್ ಪ್ರತಿ ಇಟ್ಟುಕೊಳ್ಳಿ. ಮಗಳ ಆಧಾರ್ ಕೂಡ ಮರೆಯಬಾರದು.
3. ರಾಜಹಂಸ, ಐರಾವತ, ಎ.ಸಿ. ಬಸ್‌ಗಳಿಗೆ ಶಕ್ತಿ ಅನ್ವಯಿಸಲ್ಲ. ರಾಜ್ಯದ ಗಡಿ ದಾಟುವ ಬಸ್‌ಗೂ ಇಲ್ಲ. ಹತ್ತೋ ಮೊದಲೇ ಕಂಡಕ್ಟರ್‌ನ ಕೇಳಿದರೆ ಮಧ್ಯದಲ್ಲಿ ಜಗಳ ತಪ್ಪತ್ತೆ.

ಎಕ್ಸ್‌ಪ್ರೆಸ್‌ವೇ ಮೇಲೆ ಹೋಗುವ ಬಸ್ ಎಲ್ಲೂ ನಿಲ್ಲದೇ ಹೋಗಬಹುದು. ಅಜ್ಜಿ, ಮಕ್ಕಳು ಬಸ್ ಸ್ಟ್ಯಾಂಡಲ್ಲೇ ಶೌಚಾಲಯಕ್ಕೆ ಹೋಗಿ ಬಂದು ಹತ್ತಬೇಕು.

ರೈಲಲ್ಲಿ ಹೋಗುವವರು ಮೆಜೆಸ್ಟಿಕ್‌ನ ಸಂಗೊಳ್ಳಿ ರಾಯಣ್ಣ ನಿಲ್ದಾಣಕ್ಕೆ ಹೋಗಬಹುದು. ಕಾಯ್ದಿರಿಸದ ಟಿಕೆಟ್ ರೈಲ್‌ಒನ್ ಆ್ಯಪ್‌ನಲ್ಲೂ ಸಿಗತ್ತೆ. ಹಳಬರಿಗೆ ಗೊತ್ತಿರುವ ಟಿಪ್ಪು ಎಕ್ಸ್‌ಪ್ರೆಸ್‌ಗೆ 2022ರಿಂದ ಒಡೆಯರ್ ಎಕ್ಸ್‌ಪ್ರೆಸ್ ಅಂತ ಹೆಸರು. ಆ್ಯಪಲ್ಲಿ ಹಳೇ ಹೆಸರು ಹುಡುಕಿದರೆ ಸಿಗಲ್ಲ.

ಊರೊಳಗಿನ 20 ಕಿಲೋಮೀಟರ್ ಜೇಬು ಕಚ್ಚತ್ತೆ

ಬಹಳ ಜನ ಎಡವೋದು ಇಲ್ಲೇ. ದೊಡ್ಡನೆಕ್ಕುಂದಿಯಿಂದ ಮೈಸೂರು ರಸ್ತೆ ಸ್ಯಾಟಲೈಟ್ ಬಸ್ ನಿಲ್ದಾಣ ಮುಟ್ಟೋ ಖರ್ಚು, ಅಲ್ಲಿಂದ ಮೈಸೂರಿಗೆ ಹೋಗೋ ಖರ್ಚಿಗಿಂತ ಜಾಸ್ತಿ ಆಗಬಹುದು.

ಮೆಟ್ರೋದಲ್ಲಿ ಶಕ್ತಿ ಇಲ್ಲ. 2025ರ ಫೆಬ್ರವರಿ 9ರಂದು ದರ ಏರಿಸಿದಾಗ ಗರಿಷ್ಠ ಟಿಕೆಟ್ ₹90 ಆಯ್ತು. 3 ಅಡಿಗಿಂತ ಎತ್ತರದ ಮಕ್ಕಳಿಗೆ ಪೂರ್ತಿ ಟಿಕೆಟ್. ಒಬ್ಬರಿಗೆ ₹70 ಅಂತ ಹಿಡಿದರೂ ಐದು ಜನಕ್ಕೆ ಒಂದು ದಾರಿಗೆ ₹350. ಗರುಡಾಚಾರ್‌ಪಾಳ್ಯ ನಿಲ್ದಾಣದವರೆಗಿನ ಆಟೋ ಬೇರೆ.

ಹೀಗೆ ಮಾಡಿದರೆ ಅರ್ಧ ಉಳಿಯತ್ತೆ:

• ಹೋಗೋವಾಗ ಭಾನುವಾರ ಮಧ್ಯಾಹ್ನ ಟ್ರಾಫಿಕ್ ಕಮ್ಮಿ. ಬಿಎಂಟಿಸಿ ಸಾಮಾನ್ಯ ಬಸ್ಸಲ್ಲಿ ಮೆಜೆಸ್ಟಿಕ್, ಅಲ್ಲಿಂದ ಸ್ಯಾಟಲೈಟ್. ಹೆಂಗಸರಿಗೆ ಉಚಿತ.
• ಬರೋವಾಗ ಎಲ್ಲರೂ ಸುಸ್ತಾಗಿರ್ತಾರೆ, ರಾತ್ರಿ ಆಗಿರತ್ತೆ. ಆಗ ಮೆಟ್ರೋಗೆ ಖರ್ಚು ಮಾಡಿದರೆ ತಪ್ಪಿಲ್ಲ. ಬಸ್ ಕೆಂಗೇರಿಯಲ್ಲಿ ನಿಲ್ಲುತ್ತಾ ಅಂತ ಕೇಳಿ, ನಿಂತರೆ ಕೆಂಗೇರಿ ಬಸ್ ಟರ್ಮಿನಲ್ ಮೆಟ್ರೋ ಹತ್ತಿ. ಸ್ಯಾಟಲೈಟ್‌ನಲ್ಲಿ ಇಳಿದರೆ ದೀಪಾಂಜಲಿ ನಗರ ನಿಲ್ದಾಣ ಹತ್ತಿರ. 2023ರ ಅಕ್ಟೋಬರ್ 9ರಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ನೇರಳೆ ಮಾರ್ಗ ಪೂರ್ತಿ ಓಡ್ತಿದೆ. ಎಲ್ಲೂ ಬದಲಾಯಿಸದೇ ಗರುಡಾಚಾರ್‌ಪಾಳ್ಯದಲ್ಲಿ ಇಳಿಯಬಹುದು.
• ಸ್ಮಾರ್ಟ್ ಕಾರ್ಡ್ ಇದ್ದರೆ ಟಿಕೆಟ್ ಮೇಲೆ ಕನಿಷ್ಠ 5% ರಿಯಾಯಿತಿ.

ಹೊರ ವರ್ತುಲ ರಸ್ತೆಯ ನೀಲಿ ಮಾರ್ಗದಲ್ಲಿ ದೊಡ್ಡನೆಕ್ಕುಂದಿಗೂ ನಿಲ್ದಾಣ ಇದೆ. ಆ ಮಾರ್ಗ ಶುರುವಾದ ಮೇಲೆ ಈ ಆಟೋ ಖರ್ಚು ತಪ್ಪಬಹುದು.

ಸ್ವಂತ ಗಾಡಿಯವರಿಗೆ

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋಗಳಿಗೆ ನಿಷೇಧ ಇದೆ. ಸ್ಕೂಟರ್‌ನಲ್ಲೋ ಅಂಗಡಿಯ ಆಟೋದಲ್ಲೋ ಹೋಗೋಣ ಅನ್ನೋರು ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಮಕ್ಕಳ ಜೊತೆ ಅಷ್ಟು ದೂರ ಅದು ಸರಿಯಾದ ಯೋಚನೆ ಅಲ್ಲ.

ಕಾರಿಗೆ ಹೋಗಿ ಬರೋ ದಾರಿ ಸುಮಾರು 320 ಕಿ.ಮೀ. ಲೀಟರ್‌ಗೆ 15 ಕಿ.ಮೀ. ಕೊಡುವ ಗಾಡಿಗೆ 21–22 ಲೀಟರ್ ಪೆಟ್ರೋಲ್ ಬೇಕು. ಅಲ್ಲಿಗೇ ₹2,000 ದಾಟತ್ತೆ, ಟೋಲ್ ಮತ್ತು ಪಾರ್ಕಿಂಗ್ ಬೇರೆ. ನಡೆಯೋಕೆ ಆಗದ ಹಿರಿಯರು ಇದ್ದರೆ ಮಾತ್ರ ಈ ಖರ್ಚಿಗೆ ಅರ್ಥ ಇದೆ.

ರೂಮು ಹಿಡಿಯೋ ಮೊದಲು ಕೇಳಬೇಕಾದ ನಾಲ್ಕು ಪ್ರಶ್ನೆ

ಗಾಂಧಿ ಚೌಕ, ಧನ್ವಂತ್ರಿ ರಸ್ತೆ ಸುತ್ತಮುತ್ತ ಸಾಧಾರಣ ಲಾಡ್ಜ್‌ಗಳಿವೆ. ಅರಮನೆ, ಬಸ್ ಸ್ಟ್ಯಾಂಡ್, ಮಾರ್ಕೆಟ್ ಎಲ್ಲ ನಡೆಯೋ ದೂರ. ಊರಾಚೆ ₹300 ಕಮ್ಮಿಗೆ ರೂಮು ಸಿಕ್ಕಿದರೂ ಆಟೋಗೆ ಅದರ ಎರಡರಷ್ಟು ಹೋಗತ್ತೆ.

• 24 ಗಂಟೆ ಲೆಕ್ಕವೋ, ಮಧ್ಯಾಹ್ನ 12ಕ್ಕೆ ಖಾಲಿ ಮಾಡಬೇಕೋ? ಭಾನುವಾರ ಸಂಜೆ 5ಕ್ಕೆ ಹೋಗುವವರಿಗೆ 24 ಗಂಟೆ ಲೆಕ್ಕದ ಲಾಡ್ಜ್ ಬಹಳ ಲಾಭ. ಸೋಮವಾರ ಸಂಜೆವರೆಗೆ ಬ್ಯಾಗು ಅಲ್ಲೇ ಇರತ್ತೆ, ಅಜ್ಜಿ ಮಧ್ಯಾಹ್ನ ಮಲಗಬಹುದು.
• ಐದು ಜನಕ್ಕೆ ಒಂದೇ ರೂಮು ಕೊಡ್ತಾರಾ, ಹೆಚ್ಚುವರಿ ಹಾಸಿಗೆಗೆ ಎಷ್ಟು?
• ಬಿಸಿನೀರು ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ?
• ಹೇಳಿದ ರೇಟಲ್ಲಿ ಜಿಎಸ್‌ಟಿ ಸೇರಿದೆಯಾ? 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ ₹7,500ವರೆಗಿನ ರೂಮುಗಳಿಗೆ 5% ಜಿಎಸ್‌ಟಿ.

ಆನ್‌ಲೈನ್‌ನಲ್ಲಿ ರೇಟು ನೋಡಿ, ಆಮೇಲೆ ನೇರವಾಗಿ ಲಾಡ್ಜ್‌ಗೇ ಫೋನ್ ಮಾಡಿ ಕೇಳೋದು ಒಳ್ಳೇದು.

ಒಂದೂವರೆ ದಿನದ ಪಟ್ಟಿ

ಭಾನುವಾರ
• ಮಧ್ಯಾಹ್ನ 12: ಶಟರ್ ಮುಚ್ಚಿ ಹೊರಡೋದು. ಮಧ್ಯಾಹ್ನದ ಊಟ ಮನೇಲೇ ಕಟ್ಟಿಕೊಂಡ ಚಿತ್ರಾನ್ನ, ಚಪಾತಿ.
• ಸಂಜೆ 5–5.30: ಮೈಸೂರು, ರೂಮು, ಕಾಫಿ.
• ಸಂಜೆ 6.30: ಅರಮನೆ ಆವರಣ. 7ಕ್ಕೆ ದೀಪ.
• ರಾತ್ರಿ 8: ಊಟ, ನಿದ್ದೆ.

ಸೋಮವಾರ
• ಬೆಳಗ್ಗೆ 6.30: ಸಿಟಿ ಬಸ್ ಸ್ಟ್ಯಾಂಡಿಂದ 201 ನಂಬರ್ ಬಸ್, ಚಾಮುಂಡಿ ಬೆಟ್ಟ. ಮೈಸೂರು ಸಿಟಿ ಬಸ್‌ಗೂ ಶಕ್ತಿ ಇದೆ, ಎ.ಸಿ. ಬಸ್ ಹತ್ತಿದರೆ ಮಾತ್ರ ಹೆಂಗಸರಿಗೂ ಟಿಕೆಟ್. ಹೊತ್ತಿಗೆ ಮುಂಚೆ ಹೋದರೆ ಧರ್ಮದರ್ಶನದ ಸಾಲು ಚಿಕ್ಕದು. ಬೆಟ್ಟಕ್ಕೆ ಸಾವಿರಕ್ಕೂ ಹೆಚ್ಚು ಮೆಟ್ಟಿಲಿವೆ. ಹತ್ತೋಕೆ ಆಗದವರು ಬಸ್ಸಲ್ಲಿ ಹೋಗಿ, ಇಳಿಯೋವಾಗ ಮಾತ್ರ ಮೆಟ್ಟಿಲಿನಲ್ಲಿ ಬಂದರೆ 1664ರಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಕೆತ್ತಿದ ನಂದಿ ದಾರಿಯಲ್ಲೇ ಸಿಗತ್ತೆ. ಅಜ್ಜಿಯನ್ನು ಬಸ್ಸಲ್ಲೇ ವಾಪಸ್ ಕರ್ಕೊಂಡು ಬರಬೇಕು.
• ಬೆಳಗ್ಗೆ 10–1: ಮೃಗಾಲಯ. 1892ರಲ್ಲಿ ಶುರುವಾದ ಇದು ದೇಶದ ಹಳೇ ಝೂಗಳಲ್ಲೊಂದು. ಒಳಗೆ ಬಹಳ ನಡಿಗೆ ಇದೆ. ಹಿರಿಯರಿಗೆ ಬ್ಯಾಟರಿ ಗಾಡಿ ಸಿಗತ್ತೆ, ಅದಕ್ಕೆ ಬೇರೆ ದುಡ್ಡು. ಪ್ಲಾಸ್ಟಿಕ್ ಕವರ್ ತರಬೇಡಿ, ಗೇಟಲ್ಲೇ ಚೆಕ್ ಮಾಡ್ತಾರೆ.
• ಮಧ್ಯಾಹ್ನ 1.30: ಊಟ, ರೂಮಲ್ಲಿ ವಿಶ್ರಾಂತಿ.
• ಮಧ್ಯಾಹ್ನ 3–4.30: ಅರಮನೆ ಒಳಗೆ. 1897ರಲ್ಲಿ ಹಳೇ ಮರದ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ ಹೆನ್ರಿ ಇರ್ವಿನ್ ನಕ್ಷೆಯಂತೆ ಕಟ್ಟಿ 1912ರಲ್ಲಿ ಮುಗಿಸಿದ್ದು ಈಗಿನ ಅರಮನೆ. ಚಪ್ಪಲಿ ಹೊರಗೆ ಬಿಡಬೇಕು.
• ಸಂಜೆ 4.45: ದೇವರಾಜ ಮಾರ್ಕೆಟ್. ಮೈಸೂರು ಮಲ್ಲಿಗೆ, ವೀಳ್ಯದೆಲೆ, ನಂಜನಗೂಡು ರಸಬಾಳೆ.
• ಸಂಜೆ 6ರೊಳಗೆ: ಬಸ್. ಇನ್ನೂ ತಡ ಮಾಡಿದರೆ ಕೊನೆಯ ಮೆಟ್ರೋ ತಪ್ಪೋ ಭಯ.

ಪಟ್ಟಿಯಲ್ಲಿ ಕೆಆರ್‌ಎಸ್ ಇಲ್ಲ. ಬೃಂದಾವನ ಚೆನ್ನಾಗಿರೋದು ಸಂಜೆ ಕಾರಂಜಿ ಹೊತ್ತಿಗೆ, ಅಷ್ಟೊತ್ತಿಗೆ ಅಲ್ಲಿದ್ದರೆ ಆ ರಾತ್ರಿಯೂ ಮೈಸೂರಲ್ಲೇ ಉಳಿಯಬೇಕು. ಎರಡನೇ ರಾತ್ರಿ ಅಂದ್ರೆ ಎರಡನೇ ರೂಮು ಬಾಡಿಗೆ, ಮತ್ತೊಂದು ದಿನ ಶಟರ್ ಬಂದ್. ಅದನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳಬಹುದು.

₹6,000 ಹಂಚಿಕೆ

ಇದು ದರಪಟ್ಟಿ ಅಲ್ಲ, ಎತ್ತಿಡಬೇಕಾದ ಮೊತ್ತ. ಪ್ರವೇಶ ಟಿಕೆಟ್ ದರಗಳು ಆಗಾಗ ಬದಲಾಗ್ತವೆ, ಹಿಂದಿನ ದಿನ ನೋಡಿಕೊಳ್ಳಬೇಕು.

• ಮೈಸೂರು ಬಸ್, ಒಂದೂವರೆ ಟಿಕೆಟ್, ಎರಡೂ ದಾರಿ: ₹600
• ಬೆಂಗಳೂರು ಮತ್ತು ಮೈಸೂರು ಒಳಗಿನ ಓಡಾಟ: ₹900
• ರೂಮು, ಒಂದು ರಾತ್ರಿ: ₹1,600
• ಊಟ, ತಿಂಡಿ, ಕಾಫಿ: ₹1,500
• ಅರಮನೆ, ಝೂ ಟಿಕೆಟ್: ₹1,000
• ಮಾರ್ಕೆಟ್, ಮೈಸೂರು ಪಾಕ್: ₹400

ಒಟ್ಟು ₹6,000. ಇದರ ಹೊರಗೆ ₹1,000 ಬೇರೆ ಕವರಲ್ಲಿ ಇಟ್ಟು, ಔಷಧಿ ಅಥವಾ ರಾತ್ರಿ ಆಟೋಗೆ ಮಾತ್ರ ಮುಟ್ಟಬೇಕು. ಮುಚ್ಚಿದ ಅಂಗಡಿಯ ಲಾಭದ ಮೊತ್ತವನ್ನು ಇದರ ಕೆಳಗೆ ಬರೆದುಕೊಂಡರೆ ನಿಜವಾದ ಖರ್ಚು ಕಾಣತ್ತೆ.

ದುಡ್ಡು ಎಲ್ಲಿಂದ?

ಸಾಲ ಮಾಡಿ ಟೂರ್ ಬೇಡ. ಮೊಬೈಲ್ ಆ್ಯಪ್ ಸಾಲವಂತೂ ಬೇಡವೇ ಬೇಡ. ಎರಡು ದಿನದ ಖುಷಿಗೆ ಆರು ತಿಂಗಳು ಕಂತು ಕಟ್ಟಬೇಕಾಗತ್ತೆ.

ಅಂಗಡಿಯವರಿಗೆ ಗೊತ್ತಿರೋ ದಾರಿ ಪಿಗ್ಮಿ. 1928ರಲ್ಲಿ ಆಗಿನ ಸಿಂಡಿಕೇಟ್ ಬ್ಯಾಂಕ್ ಕರಾವಳಿಯಲ್ಲಿ ಸಣ್ಣ ದುಡಿಮೆಯವರಿಗಾಗಿಯೇ ಶುರು ಮಾಡಿದ ಪದ್ಧತಿ ಇದು, ಏಜೆಂಟ್ ಬಾಗಿಲಿಗೇ ಬಂದು ದಿನದ ದುಡ್ಡು ಕಟ್ಟಿಸಿಕೊಳ್ತಾರೆ. ದಿನಕ್ಕೆ ₹30 ಎತ್ತಿಟ್ಟರೆ 200 ದಿನಕ್ಕೆ ₹6,000. ಯುಗಾದಿಗೆ ಶುರು ಮಾಡಿದರೆ ದೀಪಾವಳಿ ಹೊತ್ತಿಗೆ ದುಡ್ಡು ರೆಡಿ. ಪಿಗ್ಮಿ ಕಟ್ಟುವವರು ಕಾರ್ಡಲ್ಲಿ ಅಥವಾ ಮೊಬೈಲ್ ಮೆಸೇಜಲ್ಲಿ ಪ್ರತಿ ಕಂತು ದಾಖಲಾಗಿದೆಯಾ ಅಂತ ನೋಡಿಕೊಳ್ಳಬೇಕು.

ಜೇಬು ಜೋಪಾನ

‘₹50ಕ್ಕೆ ಊರೆಲ್ಲ ತೋರಿಸ್ತೀನಿ’ ಅನ್ನೋ ಆಟೋ, ಟಾಂಗಾ ಸವಾರಿ ಕೊನೆಗೆ ಯಾವುದೋ ರೇಷ್ಮೆ ಅಥವಾ ಸುಗಂಧ ಎಣ್ಣೆ ಅಂಗಡಿ ಮುಂದೆ ನಿಲ್ಲಬಹುದು. ಅಲ್ಲಿನ ಕಮಿಷನ್ ಗಿರಾಕಿ ಬಿಲ್‌ನಲ್ಲೇ ಸೇರಿರತ್ತೆ. ಮೈಸೂರು ರೇಷ್ಮೆ ಸೀರೆಯೇ ಬೇಕು ಅಂದರೆ ಸರ್ಕಾರಿ ಕೆಎಸ್‌ಐಸಿ ಮಳಿಗೆಗೇ ಹೋಗಬೇಕು. ಆದರೆ ಅದು ₹6,000 ಲೆಕ್ಕದಲ್ಲಿ ಇಲ್ಲ.

ಒಂದು ದಿನವೂ ಮುಚ್ಚೋಕೆ ಆಗಲ್ಲ ಅನ್ನೋರಿಗೆ

ಅರ್ಧ ದಿನಕ್ಕೆ ಬೆಂಗಳೂರೇ ಇದೆ. ಗರುಡಾಚಾರ್‌ಪಾಳ್ಯದಿಂದ ನೇರಳೆ ಮಾರ್ಗದಲ್ಲಿ ಕಬ್ಬನ್ ಪಾರ್ಕ್ ನಿಲ್ದಾಣ. ಅಲ್ಲಿಂದ ನಡೆದುಕೊಂಡು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ. ರೈಟ್ ಸಹೋದರರ ವಿಮಾನದ ಪೂರ್ತಿ ಅಳತೆಯ ಮಾದರಿ ಮಕ್ಕಳಿಗೆ ಬಹಳ ಹಿಡಿಸತ್ತೆ. ಸಮಯ ಇದ್ದರೆ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಲಾಲ್‌ಬಾಗ್, 1889ರ ಗಾಜಿನ ಮನೆ. ಹೋಗೋದಾದರೂ ಬರೋದಾದರೂ ಒಂದು ದಾರಿ ಬಿಎಂಟಿಸಿ ಹಿಡಿದರೆ ಮೆಟ್ರೋ ಖರ್ಚು ಅರ್ಧ.

ಹೊರಡೋ ಹಿಂದಿನ ರಾತ್ರಿ ನೋಡಿಕೊಳ್ಳಿ

• ಎಲ್ಲರ ಮೂಲ ಗುರುತಿನ ಚೀಟಿ, ಕರ್ನಾಟಕ ವಿಳಾಸ
• ಅಜ್ಜಿಯ ಎರಡು ದಿನದ ಮಾತ್ರೆ, ಒಂದು ದಿನದ್ದು ಹೆಚ್ಚಿಗೆ
• ಸ್ಟೀಲ್ ನೀರಿನ ಬಾಟಲಿ, ಬಟ್ಟೆ ಚೀಲ
• ₹1,500ರಷ್ಟು ಚಿಲ್ಲರೆ ನೋಟು. ಫೋನ್‌ಪೇ ಎಲ್ಲ ಕಡೆ ನಡೆಯಲ್ಲ
• ಅಂಗಡಿ ಮೇನ್ ಸ್ವಿಚ್. ಫ್ರಿಜ್ ಇದ್ದರೆ ಅದರ ಲೈನ್ ಮಾತ್ರ ಆನ್
• ಬೀಗದ ಇನ್ನೊಂದು ಕೀಲಿ ನಂಬಿಕೆಯ ಒಬ್ಬರ ಹತ್ತಿರ
• ಶಟರ್ ಮೇಲೆ ವಾಪಸ್ ತೆರೆಯುವ ದಿನದ ಚೀಟಿ